ಒಂದು ಗೇಣು ದೂರ

ಎಷ್ಟು ದೂರ ಆಗುತ್ತೆ, ಹೇಳು ನೋಡೋಣ? — ಗಟ್ಟಿಯಾಗಿ ಕೇಳಿದ್ದು ತಾನೇ ಎಂದು, ಕೋಣೆಯಲ್ಲಿ ತನ್ನನ್ನು ಬಿಟ್ಟು ಇನ್ನಾರೂ ಇಲ್ಲವೆಂದು, ಮಾತು ಎದುರಿನ ಕಿಟಕಿಗಾಜಿಗೆ ತಗುಲಿ ಹಿಂದಕ್ಕೆ ಬಂದ ಮೇಲೆ ಅವಳಿಗೆ ತಿಳಿಯಿತು, ಪ್ರತಿ ಸಲವೂ ಹೀಗೇ, ಲೆಕ್ಕಕ್ಕೆ ಕೈ ಹಾಕುವ ಮೊದಲು ಬಾಯಿ ತಾನಾಗಿ ಕೇಳಿಬಿಡುತ್ತದೆ, ಪಕ್ಕದ ಮೇಜಿನ ಹವಾಮಾನದವನು ಇದ್ದಿದ್ದರೆ ನನ್ನನ್ನಾ ಮೇಡಂ ಕೇಳಿದ್ದು, ಇಲ್ಲಾ ಗೋಡೇನಾ, ಎಂದು ಕಾಲೆಳೆಯುತ್ತಿದ್ದ, ಅವನು ಊಟಕ್ಕೆ ಹೋಗಿದ್ದಾನೆ, ಅವನ ಕುರ್ಚಿಯ ಬೆನ್ನಿಗೆ ಕೋಟು ಮಾತ್ರ ಜೋತುಬಿದ್ದಿದೆ, ಕಿಟಕಿಯಾಚೆ ವಿಮಾನಗಳು ಓಡುವ ದಾರಿಯ ಅಂಚಿನಲ್ಲಿ ಗಾಳಿಚೀಲ ಹೊಟ್ಟೆ ತುಂಬಿಸಿಕೊಂಡು ಪೂರ್ವಕ್ಕೆ ಬಾಲ ಚಾಚಿದೆ, ಪೂರ್ವಕ್ಕೆ, ಅಂದರೆ ಗಾಳಿ ಹೋಗುತ್ತಿರುವುದು ಅಕ್ಕನ ಕಡೆಗೆ. ಪ್ರಶ್ನೆಯೂ ಅವಳದಲ್ಲ, ಅಮ್ಮನದು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಹೊಲಿಗೆಯಂತ್ರದ ಹಿಂದೆ ಕೂತ ಅಮ್ಮ, ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಟೇಪು ಇಡೋಕೆ ಮುಂಚೆ ಕಣ್ಣು ಹೇಳಬೇಕು ಕಣ್ರೇ, ಈ ತುದಿಯಿಂದ ಆ ತುದಿಗೆ ಎಷ್ಟು ದೂರ ಆಗುತ್ತೆ, ಹೇಳಿ ನೋಡೋಣ — ಅಕ್ಕ ಹೇಳಿದ್ದು ಯಾವತ್ತೂ ಹೆಚ್ಚುಕಡಿಮೆ ಸರಿ, ತಾನು ಹೇಳಿದ್ದು ಯಾವತ್ತೂ ಹೆಚ್ಚು, ಇವಳಿಗೆ ಎಲ್ಲಾ ದೂರಾನೂ ದೊಡ್ಡದೇ ಎಂದು ಅಮ್ಮ ಸೂಜಿಗಳ ಸಂದಿಯಿಂದಲೇ ನಗುತ್ತಿದ್ದಳು. ಹಾಗೆ ಹೆಚ್ಚು ಹೇಳುತ್ತಿದ್ದ ಹುಡುಗಿಯೇ ಇಂದು ಇಲ್ಲಿ, ನಿಲ್ದಾಣದ ಹಿಂಬದಿಯ ತಗಡುಮಾಡಿನ ಕಚೇರಿಯಲ್ಲಿ, ರೋಗಿಗಳನ್ನು ಹೊತ್ತೊಯ್ಯುವ ಸಣ್ಣ ವಿಮಾನಕ್ಕೆ ದಾರಿ ಹಾಕಿಕೊಡುವವಳು, ಎಲ್ಲಿಂದ ಎಲ್ಲಿಗೆ, ಎಷ್ಟು ದೂರ, ಎಷ್ಟು ಇಂಧನ, ನಡುವೆ ಎಲ್ಲಿ ಇಳಿದು ತುಂಬಿಸಿಕೊಳ್ಳಬೇಕು, ಎಷ್ಟು ತೂಕ ಏರಿಸಬಹುದು, ಕೂದಲು ನರೆಯುವಷ್ಟು ಕಾಲ ಇದೇ ಕೆಲಸ, ಯಾರದೋ ಅಪ್ಪ, ಯಾರದೋ ಕೂಸು, ಯಾರದೋ ಹೆಂಡತಿ, ಒಬ್ಬೊಬ್ಬರೂ ಅವಳಿಗೆ ಒಂದು ಗೆರೆ ಮತ್ತು ಒಂದು ತೂಕ, ಗೆರೆ ಎಳೆದು ಮುಗಿಸಿ ಮನಸ್ಸಿನಲ್ಲೇ ಕೈಮುಗಿದು ಸ್ವಾಮಿ, ತಲುಪಿಸಪ್ಪಾ ಎಂದು ಹೇಳಿ ಮುಂದಿನ ಕರೆಗೆ ಕಿವಿಗೊಡುವುದು, ಇವತ್ತು ಬೆಳಿಗ್ಗೆ ಬಂದ ಕರೆಯಲ್ಲಿ ಮಾತ್ರ ರೋಗಿ ಅಕ್ಕ.

ಅಕ್ಕ ಅಲ್ಲ ಫೋನು ಮಾಡಿದ್ದು, ಅಕ್ಕನ ಪರದೆ ಅಂಗಡಿಯಲ್ಲಿ ಹೊಲಿಯುವ ಹೆಂಗಸು, ಅಕ್ಕಾವ್ರಿಗೆ ಎದೆ ಸೋತುಬಿಟ್ಟಿದೆ, ಎರಡು ಮೆಟ್ಲು ಹತ್ತಿದ್ರೆ ಕೂತ್ಕೋತಾರೆ, ಡಾಕ್ಟ್ರು ಇನ್ನು ನಮ್ಮ ಕೈಲಿಲ್ಲ ಅಂದ್ರು, ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ರು, ನಾನು ತಡೀಲಾರದೆ ಹೇಳ್ತಿದ್ದೀನಿ ಕಣ್ರಮ್ಮಾ — ಅಷ್ಟು ಕೇಳಿದ ಮೇಲೆ ಒಡಹುಟ್ಟಿದವಳು ಏನು ಕೇಳಬೇಕು, ನೋವಿದೆಯಾ, ಊಟ ಸೇರುತ್ತಾ, ನನ್ನ ಹೆಸರೆತ್ತಿದಳಾ, ಹೀಗೆ ಏನಾದರೂ, ಇವಳ ಬಾಯಿಂದ ಮೊದಲು ಹೊರಟದ್ದು ಅಲ್ಲಿಗೆ ಹತ್ತಿರದ ವಿಮಾನ ನಿಲ್ದಾಣ ಯಾವುದು ಎಂಬ ಮಾತು, ಆಚೆ ಆ ಹೆಂಗಸು, ಗೊತ್ತಿಲ್ಲವಲ್ಲಮ್ಮಾ ಎಂದಳು, ಇವಳಿಗೆ ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು, ಅಕ್ಕ ಆ ಊರಿಗೆ ಹೋದಾಗಿನಿಂದ ಆ ನಿಲ್ದಾಣದಲ್ಲಿ ವಿಮಾನ ಓಡುವ ದಾರಿ ಎಷ್ಟು ಉದ್ದ, ಯಾವ ದಿಕ್ಕಿಗೆ ಮುಖ, ಯಾವ ತಿಂಗಳಲ್ಲಿ ಮಂಜು ಕವಿಯುತ್ತದೆ, ಎಲ್ಲ ಬಾಯಿಪಾಠ, ಅಜ್ಜನಿಗೆ ಪದ್ಯಗಳು ಬಾಯಿಗೆ ಬರುತ್ತಿದ್ದ ಹಾಗೆ, ನೋಡಿಲ್ಲ ಅಷ್ಟೇ, ಒಂದು ಸಲವೂ ಹೋಗಿ ನೋಡಿಲ್ಲ.

ಅಜ್ಜನ ಕೋಣೆ, ಅಜ್ಜನ ದನಿ, ದೀಪ ಹಚ್ಚಿದ ಮೇಲೆ ಪದ್ಯ ಓದಲು ಕೂತರೆ ಬೀದಿಯಲ್ಲಿ ಹೋಗುವವರು ಕಿಟಕಿಯ ಹತ್ತಿರ ಹೆಜ್ಜೆ ಸಣ್ಣ ಮಾಡುತ್ತಿದ್ದರು, ಅಕ್ಕ ಅರ್ಧಕ್ಕೆ ಎದ್ದು ಓಡುತ್ತಿದ್ದಳು, ಇವಳು ಕಡೆಯತನಕ ಕಂಬಕ್ಕೆ ಒರಗಿ ಕೂತು ಕೇಳುವವಳು, ಅರ್ಥ ಅರ್ಧ ಆಗದಿದ್ದರೂ ಏಳಲು ಮನಸ್ಸು ಬಾರದು, ಒಂದು ಪದ್ಯದಲ್ಲಿ ಯಾರೋ ಸುದ್ದಿ ಹೊತ್ತವನು ಕಡಲ ಮೇಲೆ ಹಾರಿ ಹೋಗುತ್ತಾನೆ, ಎರಡು ಸಾಲಿನಲ್ಲಿ ಕಡಲು ಮುಗಿದೇ ಹೋಗುತ್ತದೆ, ಎಷ್ಟು ದೂರ ಹಾರಿದ ಅಜ್ಜಾ ಎಂದು ಇವಳು ಕೇಳಿದ್ದಕ್ಕೆ ಅಜ್ಜ ಕನ್ನಡಕದ ಮೇಲಿಂದ ನೋಡಿ, ದೂರ ಎಣಿಸ್ತಾ ಕೂತಿದ್ರೆ ಅವನು ಹಾರೋದು ಯಾವಾಗ ಮಗಾ, ಎಂದಿದ್ದ, ಮನೆಯವರೆಲ್ಲ ನಕ್ಕಿದ್ದರು, ಇವಳೂ ನಕ್ಕಿದ್ದಳು, ಆ ಮಾತು ತನಗೇ ಹೇಳಿಟ್ಟದ್ದೆಂದು ಆಗ ಯಾರಿಗೆ ಗೊತ್ತು. ಅದೇ ಕೋಣೆಯ ಮೂಲೆಯಲ್ಲಿ ಆ ಗ್ಲೋಬು, ಯಾವುದೋ ಶಾಲೆ ಮುಚ್ಚಿದಾಗ ಅಜ್ಜ ಬಗಲಲ್ಲಿ ಹೊತ್ತು ತಂದದ್ದು, ಕೆಳಗಡೆ ಒಂದು ಕಡೆ ನೆಗ್ಗಿ ಒಂದು ದೇಶವೇ ಕುಳಿಬಿದ್ದಿತ್ತು, ಅಮ್ಮನ ಪೆಟ್ಟಿಗೆಯಿಂದ ಕೆಂಪು ದಾರ ಕದ್ದು ತಂದು ಇಬ್ಬರೂ ಊರೂರಿಗೆ ದೂರ ಅಳೆಯುವ ಆಟ, ನಮ್ಮೂರಿನ ಮೇಲೆ ದಾರದ ಒಂದು ತುದಿ, ಅದನ್ನು ಒತ್ತಿಹಿಡಿಯುವುದು ಇವಳ ಹೆಬ್ಬೆರಳು, ಇನ್ನೊಂದು ತುದಿ ಅಕ್ಕನದು, ದೂರದ ಊರು ಯಾವಾಗಲೂ ಅಕ್ಕನ ಪಾಲು, ಕೈಯನ್ನು ಗ್ಲೋಬಿನ ಬಗಲಿಗೆ ಬಳಸಿ ಮೊಣಕೈ ತಿರುಚಿಕೊಂಡು ಆ ಬದಿಯಲ್ಲಿ ಹೆಬ್ಬೆರಳು ಊರುತ್ತಿದ್ದಳು, ಎಷ್ಟು ಬಲವಾಗಿ ಅಂದರೆ ಉಗುರು ಬೆಳ್ಳಗಾಗುತ್ತಿತ್ತು, ನೋಡಿದರೆ ಇವಳಿಗೆ ಯಾಕೋ ನಗು ಉಕ್ಕಿ ಬಂದು ತನ್ನ ತುದಿ ಜಾರಿಬಿಡುವುದು, ಬಿಟ್ಯಾ, ಬಿಟ್ಟೇಬಿಟ್ಯಾ ಉಂಡೆ, ನಿನ್ನ ಕೈಲಿ ಒಂದು ದಾರ ಹಿಡಿಯೋಕಾಗಲ್ಲ, ನಾನು ನೋಡು ಬಿಟ್ಟಿಲ್ಲ — ಉಂಡೆ ಎಂದರೆ ಇವಳೇ, ಗುಂಡುಗುಂಡಗೆ ದಾರದುಂಡೆಯ ಹಾಗಿದ್ದವಳು, ಅಕ್ಕ ಇಟ್ಟ ಹೆಸರು, ಈಗ ದಾರವೆಲ್ಲ ಬಿಚ್ಚಿಹೋಗಿ ಸಣಕಲಾಗಿದ್ದಾಳೆ, ಹೆಸರು ಮಾತ್ರ ದಪ್ಪಗೇ ಉಳಿದಿದೆ. ಮತ್ತೆ ಆ ಸಂಜೆ, ಹಡಗಿನ ಅಡುಗೆಯವನನ್ನು ಮದುವೆಯಾಗುತ್ತೇನೆಂದು ಅಕ್ಕ ಹೇಳಿದ ಸಂಜೆ, ಅಮ್ಮ ಯಂತ್ರ ತುಳಿಯುವುದನ್ನು ನಿಲ್ಲಿಸಿರಲಿಲ್ಲ, ಊರು ಎಲ್ಲಿ, ಎಂದಷ್ಟೇ ಕೇಳಿದಳು, ಅಕ್ಕ ಗ್ಲೋಬನ್ನೇ ಎತ್ತಿ ತಂದು ಹೊಲಿಗೆಮೇಜಿನ ಮೇಲಿಟ್ಟು, ತನ್ನೂರಿನ ಮೇಲೆ ಕಿರುಬೆರಳಿಟ್ಟು, ಕಡಲಾಚೆ ಹೆಬ್ಬೆರಳೂರಿ, ನೋಡಮ್ಮಾ, ಒಂದು ಗೇಣು, ಅಷ್ಟೇ — ಇವಳ ಕಡೆ ತಿರುಗಿ, ಒಂದು ಗೇಣು ಕಣೇ ಉಂಡೆ, ಯಾವಾಗ ಬೇಕಾದ್ರೂ ಬಾ. ಭಾವನಿಗೆ ಇವಳಿಟ್ಟ ಹೆಸರು ಉಪ್ಪುಭಾವ, ಕಡಲ ಮೇಲೆ ಅಡುಗೆ ಮಾಡಿ ಮಾಡಿ ಕೈಗೆ ಉಪ್ಪಿನ ಅಳತೆಯೇ ತಪ್ಪಿಹೋಗಿತ್ತು, ಮದುವೆಯಾದ ವಾರ ಅದೇ ಮನೆಯಲ್ಲಿ ಸಾರು ಮಾಡಿ ಬಡಿಸಿದ್ದ, ಅಜ್ಜ ಒಂದು ಗುಟುಕು ಕುಡಿದು, ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅಂತಾರೆ, ನನಗೆ ಮುಪ್ಪು ಬಂದಾಗಿದೆ, ನೆನಪಿಟ್ಟುಕೊಳ್ಳೋರು ನೀವೇ ಕಣ್ರಪ್ಪಾ ಎಂದಿದ್ದ, ಭಾವನೇ ಎಲ್ಲರಿಗಿಂತ ಜೋರಾಗಿ ನಕ್ಕ, ಒಳ್ಳೆಯ ಮನುಷ್ಯ.

ಎಷ್ಟು ದೂರ ಆಗುತ್ತೆ — ಗೇಣಲ್ಲ ಅಕ್ಕಾ, ಎಂಟು ಸಾವಿರದ ನಾನೂರು ಕಿಲೋಮೀಟರು, ಅದೂ ಗ್ಲೋಬಿನ ಮೇಲೆ ದಾರ ಎಳೆದ ಹಾಗೆ ಹೋದರೆ, ಗೋಡೆಯ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ನೆಟ್ಟಗೆ ಗೆರೆ ಎಳೆದರೆ ನೋಡಲು ಅದೇ ಹತ್ತಿರ, ಹೋದರೆ ದೂರ, ದುಂಡಗಿನದನ್ನು ಹಿಡಿದು ಚಪ್ಪಟೆ ಮಾಡಿದ್ದಾರಲ್ಲ, ಬಗ್ಗಿ ಉತ್ತರಕ್ಕೆ ಏರಿ ಮತ್ತೆ ಇಳಿಯುವ ಗೆರೆಯೇ ನಿಜಕ್ಕೂ ಹತ್ತಿರದ್ದು, ಹೊಸಬರು ಬಂದಾಗ ಇದನ್ನು ಅವಳೇ ಹೇಳಿಕೊಡುತ್ತಾಳೆ, ನೆಟ್ಟಗೆ ಕಾಣೋದೆಲ್ಲ ಹತ್ತಿರ ಅಲ್ಲಪ್ಪಾ ಎಂದು, ಅವರು ತಲೆಯಾಡಿಸುತ್ತಾರೆ, ಅವಳ ಬೆರಳು ಈಗ ಕಂಪ್ಯೂಟರಿನ ಪರದೆಯ ಮೇಲೆ ಆ ಬಾಗಿದ ಗೆರೆಯನ್ನು ಹಿಡಿದು ಹೋಗುತ್ತಿದೆ, ಆದರೆ ನಮ್ಮ ಸಣ್ಣ ವಿಮಾನ ಒಂದೇ ಉಸಿರಿಗೆ ಇದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹಾರೀತು, ನಡುವೆ ಒಂದು ದ್ವೀಪ, ಅಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮತ್ತೆ ಏರಬೇಕು, ಒಂದೇ ಸಲ, ಅಲ್ಲಿನ ಡಾಕ್ಟರು ಫೋನಿನಲ್ಲಿ ಬಿಡಿಸಿ ಹೇಳಿದ್ದಾರೆ, ಇಳಿಯುವುದು ಏರುವುದು ಒಂದು ಸಲವಾದರೆ ತಡೆದುಕೊಂಡಾರು, ಎರಡು ಸಲವಾದರೆ ನಾನು ಜವಾಬ್ದಾರನಲ್ಲ, ಮತ್ತೆ ತೀರ ಎತ್ತರಕ್ಕೆ ಹೋಗಬೇಡಿ, ಮೇಲಿನ ತೆಳುಗಾಳಿ ಅವರ ಎದೆಗೆ ಆಗದು — ಕೆಳಗೆ ಹಾರಿದರೆ ಗಾಳಿ ದಟ್ಟ, ವಿಮಾನ ಬಾಯಾರಿದ ಎತ್ತಿನ ಹಾಗೆ ಇಂಧನ ಕುಡಿಯುತ್ತದೆ, ಅದರ ಮೇಲೆ ಎದುರುಗಾಳಿ, ಅಲ್ಲಿಂದ ಇಲ್ಲಿಗೆ ಬರುವಾಗ ಗಾಳಿ ಸದಾ ಎದುರು, ಇಲ್ಲಿಂದ ಅಲ್ಲಿಗೆ ಹೋಗುವಾಗ ಸದಾ ಬೆನ್ನಿಗೆ, ಇಷ್ಟು ವರ್ಷ, ಸ್ವಾಮೀ, ಇಷ್ಟು ವರ್ಷ ಹೊರಡುವವಳೊಬ್ಬಳು ಹೊರಟಿದ್ದರೆ ಗಾಳಿಯೇ ಬೆನ್ನು ತಟ್ಟಿ ಕಳಿಸುತ್ತಿತ್ತು.

ಅಕ್ಕ ಬಂದಿದ್ದಳಲ್ಲ, ಎದುರುಗಾಳಿಯಲ್ಲೇ ಬಂದಿದ್ದಳು, ಅಜ್ಜ ಹೋದಾಗ ಬಂದಳು, ಅಮ್ಮ ಹಾಸಿಗೆ ಹಿಡಿದಾಗ ಬಂದಳು, ಅಮ್ಮನ ಕೊನೆಗೆ ಮತ್ತೊಮ್ಮೆ ಬಂದು ಅದೇ ಮನೆಯಲ್ಲಿ ಅಮ್ಮನ ಯಂತ್ರದ ಮುಂದೆ ಕೂತು ಸುಮ್ಮನೆ ಚಕ್ರ ತಿರುಗಿಸಿದಳು, ಸೂಜಿಯಲ್ಲಿ ದಾರವಿಲ್ಲದೆ, ಟಕಟಕ ಟಕಟಕ, ಹೋಗುವಾಗ ನಿಲ್ದಾಣದಲ್ಲಿ, ಈಗ ನಿನ್ನ ಸರದಿ ಕಣೇ ಎಂದಿದ್ದಳು. ಉಪ್ಪುಭಾವ ಹೋದ ದಿನ ಫೋನಿನಲ್ಲಿ ಅಕ್ಕ ಅತ್ತಿರಲಿಲ್ಲ, ಬಾರೇ, ಒಂದೆರಡು ದಿನಕ್ಕೆ, ಮನೆ ಉಪ್ಪುಪ್ಪು ವಾಸನೆ ಬರ್ತಿದೆ, ಒಬ್ಬಳೇ ಇರೋಕಾಗ್ತಿಲ್ಲ ಎಂದಿದ್ದಳು, ಅಮ್ಮ ಹಾಸಿಗೆ ಹಿಡಿದಿದ್ದಳು ಆಗ, ನಿಜವೇ, ಅಮ್ಮನನ್ನು ಬಿಟ್ಟು ಹೇಗೆ ಬರಲಿ ಎಂದದ್ದು ಸುಳ್ಳಲ್ಲ, ಆದರೆ ಅಮ್ಮನೇ ಹೇಳಿದ್ದಳಲ್ಲ, ಹೋಗಿ ಬಾರೇ, ಪಕ್ಕದ ಮನೆಯವಳು ನೋಡ್ಕೋತಾಳೆ, ನಾನು ಅಷ್ಟರಲ್ಲಿ ಎಲ್ಲಿಗೂ ಹೋಗಲ್ಲ — ಆ ಸಂಜೆಯೂ ಹೀಗೇ ಕೂತು ದೂರ ಲೆಕ್ಕ ಹಾಕಿದ್ದಳು, ಎರಡು ಕಡೆ ವಿಮಾನ ಬದಲಿಸಬೇಕು, ಒಂದು ಕಡೆ ಇಡೀ ಹಗಲು ಕಾಯಬೇಕು, ಲೆಕ್ಕ ಮುಗಿಯುವಷ್ಟರಲ್ಲಿ ಕಾಲು ಭಾರವಾಗಿತ್ತು, ಅಮ್ಮ ಹೋದ ಮೇಲೆ ಆ ನೆವವೂ ಇರಲಿಲ್ಲ, ಆಗ ಪಾಳಿ, ಆಗ ಹೊಸ ವಿಮಾನ, ಆಗ ಮೊಣಕಾಲು ನೋವು, ಒಂದೊಂದು ವರ್ಷಕ್ಕೆ ಒಂದೊಂದು, ದೂರ ಗೊತ್ತಿಲ್ಲದವರು ಹೊರಟುಬಿಡುತ್ತಾರೆ, ಗೊತ್ತಿದ್ದವಳು ಹೊಸ್ತಿಲಲ್ಲೇ ಕೂತು ದಣಿಯುತ್ತಾಳೆ, ಊರಿಗೆಲ್ಲ ದಾರಿ ಹಾಕಿಕೊಡುವವಳು ತಾನು ಒಂದು ಸಲವೂ ವಿಮಾನ ಹತ್ತಿಲ್ಲ ಎಂದರೆ ಹವಾಮಾನದವನು ನಂಬುವುದೇ ಇಲ್ಲ, ಮಿಠಾಯಿ ಅಂಗಡಿಯವನಿಗೆ ಸಿಹಿ ಸೇರಲ್ಲ ಅಂದ ಹಾಗಾಯ್ತು ಮೇಡಂ ಎನ್ನುತ್ತಾನೆ, ಆಮೇಲಾಮೇಲೆ ಅಕ್ಕ ಕೇಳುವುದನ್ನೇ ಬಿಟ್ಟಳು, ಬಾ ಎನ್ನುವ ಜಾಗದಲ್ಲಿ ಹೇಗಿದ್ದೀಯ ಎಂದು ಬಂತು, ಇವಳಿಗೆ ಆಗ ಒಂಥರಾ ಹಗುರವಾಗಿತ್ತಲ್ಲ, ಆ ಹಗುರವೇ ಈಗ ಎದೆಯ ಮೇಲೆ ಕೂತಿದೆ, ಈ ಸಲ ಇಲ್ಲ, ಈ ಸಲ ತಾನೇ ಹೋಗುತ್ತಾಳೆ, ಸಣ್ಣ ವಿಮಾನದಲ್ಲಿ ರೋಗಿಯ ತಲೆಯ ಹತ್ತಿರ ಮನೆಯವರಿಗೆಂದು ಒಂದೇ ಒಂದು ಕುರ್ಚಿ ಇದೆ, ಆ ಕುರ್ಚಿಯಲ್ಲಿ ಕೂತು ಹೋಗಿ, ಅಕ್ಕನ ಕೈ ಹಿಡಿದುಕೊಂಡು ಬರುತ್ತಾಳೆ, ಬೆಳಿಗ್ಗೆಯೇ ಅಲ್ಲಿ ತನ್ನ ಹೆಸರು ಹಾಕಿಯಾಗಿದೆ.

ಹಾಕಿಯಾಗಿತ್ತು. ಕ್ಯಾಪ್ಟನ್ ಬಂದದ್ದು ಯಾವಾಗ, ಹವಾಮಾನದವನ ಕುರ್ಚಿಯನ್ನು ಎಳೆದುಕೊಂಡು ಬೋಳುತಲೆ ಸವರಿಕೊಳ್ಳುತ್ತ ಪರದೆಯನ್ನೇ ನೋಡುತ್ತಿದ್ದಾನೆ, ಹೋಗೋದು ಬಿಡಿ ಮೇಡಂ, ಗಾಳಿ ತಳ್ಕೊಂಡು ಹೋಗುತ್ತೆ, ಬರೋದೇ ಕಷ್ಟ, ದ್ವೀಪದಿಂದ ಇಲ್ಲೀವರೆಗೆ ಬಾಗಿಲ ಹತ್ರ ಬಂದು ಬಾಯಾರಿದ ಹಾಗಾಗುತ್ತೆ, ಇನ್ನೊಂದು ಕಡೆ ಇಳಿದುಬಿಡೋಣ್ವಾ — ಇಲ್ಲ, ಎರಡನೇ ಸಲ ಇಳಿಯೋ ಹಾಗಿಲ್ಲ — ನಾಳಿದ್ದು ಗಾಳಿ ಇಳಿಯುತ್ತೇನೋ ಕಾಯೋಣ್ವಾ — ಕಾಯೋ ಹಾಗೂ ಇಲ್ಲ ಕ್ಯಾಪ್ಟನ್. ಹಾಗಾದರೆ ಇಂಧನ ಇನ್ನಷ್ಟು ಬೇಕು, ಟ್ಯಾಂಕಿನಲ್ಲಿ ಜಾಗವಿದೆ, ಆದರೆ ದ್ವೀಪದಲ್ಲಿ ವಿಮಾನ ಓಡುವ ದಾರಿ ಮೊಟಕು, ಆ ಮೊಟಕು ದಾರಿಯಿಂದ ಮೇಲೇಳಬೇಕಾದರೆ ತೂಕಕ್ಕೆ ಒಂದು ಮಿತಿ, ಇಂಧನ ಏರಿಸಬೇಕಾದರೆ ಬೇರೇನಾದರೂ ಇಳಿಸಬೇಕು, ಇದು ಅವಳ ಕಸುಬು, ಏನನ್ನು ಇಳಿಸಬಹುದು ಎಂದು ಮೂವತ್ತು ವರ್ಷದಿಂದ ಕಣ್ಣು ತಾನಾಗಿ ಹುಡುಕುತ್ತದೆ, ಅಮ್ಮ ಮಿಕ್ಕ ಬಟ್ಟೆಗೆ ಕತ್ತರಿ ಆಡಿಸುವ ಹಾಗೆ, ಡಾಕ್ಟರು ಬೇಕು, ನರ್ಸು ಬೇಕು, ಆಮ್ಲಜನಕದ ಸಿಲಿಂಡರು ಬೇಕು, ಇಬ್ಬರು ಪೈಲಟ್ಟುಗಳು ಬೇಕು, ಚೀಲಗಳನ್ನು ಆಗಲೇ ಇಳಿಸಿಯಾಗಿದೆ, ಹಾಸಿಗೆಯ ಹೆಚ್ಚಿನ ಹೊದಿಕೆಯನ್ನೂ, ಇನ್ನುಳಿದದ್ದು ರೋಗಿಯ ತಲೆಯ ಹತ್ತಿರದ ಆ ಕುರ್ಚಿ — ಬೆರಳು ಅಲ್ಲಿಗೆ ಹೋಯಿತು, ನಿಂತಿತು, ಅಳಿಸಿತು, ಎಷ್ಟು ಸಲೀಸಾಗಿ, ಬೇರೆ ಯಾರದೋ ಮನೆಯವರ ಹೆಸರನ್ನು ಅಳಿಸಿದ ಹಾಗೆ, ಇದಕ್ಕೂ ಮೊದಲು ಎಷ್ಟು ಜನರ ಹೆಸರನ್ನು ಹೀಗೆ ಅಳಿಸಿ, ನೀವು ಇನ್ನೊಂದು ವಿಮಾನದಲ್ಲಿ ಬನ್ನಿ, ರೋಗಿ ತಲುಪೋದು ಮುಖ್ಯ ಅಲ್ವಾ ಎಂದು ಮೆತ್ತಗೆ ಹೇಳಿದ್ದಾಳೆ, ಅವರು ಗಾಜಿನಾಚೆ ನಿಂತು ನೋಡುತ್ತಿದ್ದರು, ಅವರ ಮುಖ ಹೇಗಿತ್ತು, ನೋಡಿದ್ದರೆ ತಾನೇ. ಪರದೆ ಒಂದು ಕ್ಷಣ ಯೋಚಿಸಿ ಹಸಿರಾಯಿತು, ತಲುಪುತ್ತದೆ, ದ್ವೀಪದಿಂದ ಇಲ್ಲಿಗೆ ತಲುಪುತ್ತದೆ, ಮೇಲೆ ತುಸು ಉಳಿಯುತ್ತದೆ ಕೂಡ, ಕ್ಯಾಪ್ಟನ್ ಬೋಳುತಲೆಯ ಮೇಲಿನ ಕೈ ಹಾಗೇ ನಿಲ್ಲಿಸಿ, ನೀವು ಬರಲ್ವಾ ಮೇಡಂ, ಎಂದು ಕೇಳಿದ, ಲೆಕ್ಕ ಸರಿಹೋಗುತ್ತಲ್ಲ ಕ್ಯಾಪ್ಟನ್, ಎಂದಳು ಇವಳು, ಆತ ಟೋಪಿ ಎತ್ತಿಕೊಂಡು ಎದ್ದುಹೋದ, ಹೋಗುವಾಗ ಕುರ್ಚಿಯನ್ನು ಅದರ ಜಾಗಕ್ಕೆ ಮೆಲ್ಲಗೆ ಒತ್ತಿ ಇಟ್ಟ, ಮಲಗಿದವರ ಕೋಣೆಯಲ್ಲಿ ಇಡುವ ಹಾಗೆ. ಒಳಗೆ ಯಾವುದೋ ಸಣ್ಣ ದನಿ, ಮತ್ತೆ ಹೋಗಲಿಲ್ಲ ನೋಡು ನೀನು ಎಂದಿತು, ಈ ಸಲ ಅವಳಿಗಾಗಿಯೇ ಅಲ್ವಾ ಎಂದು ಇವಳು ಅದರ ಬಾಯಿ ಮುಚ್ಚಿದಳು, ಅವಳಿಗಾಗಿಯೇ, ಆದರೂ ಆ ಪರಿಚಯದ ಹಗುರ, ಎದೆಯಲ್ಲಿ ಎಲ್ಲೋ, ಸ್ವಾಮೀ, ಆ ಹಗುರ ಯಾಕೆ ಬಂತು.

ಅಲ್ಲಿ ಈಗ ಸಂಜೆ, ಅಂಗಡಿಯ ಹೆಂಗಸು ಫೋನನ್ನು ಅಕ್ಕನ ಕಿವಿಗೆ ಹಿಡಿದಿದ್ದಾಳೆ, ಹಿಂದೆ ಇನ್ಯಾರೋ ತುಳಿಯುತ್ತಿರುವ ಹೊಲಿಗೆಯಂತ್ರದ ಸದ್ದು ಇನ್ನೂ ನಿಂತಿಲ್ಲ, ಅಕ್ಕನ ಉಸಿರು ಮೊದಲು ಬಂತು, ಆಮೇಲೆ ಮಾತು, ಏನೇ ಉಂಡೆ, ಈ ಬಾಯಿಬಡುಕಿ ಹೇಳಿಬಿಟ್ಲಾ, ಹೊಟ್ಟೇಲಿ ಒಂದು ಕಾಳು ನಿಲ್ಲಲ್ಲ ಇವಳಿಗೆ — ಇವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ನಾಳೆ ಬೆಳಿಗ್ಗೆ ವಿಮಾನ ಅಲ್ಲಿರುತ್ತದೆ, ಮಲಗಿಕೊಂಡೇ ಬರಬಹುದು, ಡಾಕ್ಟರು ಇರುತ್ತಾರೆ, ನರ್ಸು ಇರುತ್ತಾರೆ, ನಡುವೆ ದ್ವೀಪದಲ್ಲಿ ಒಂದೇ ಒಂದು ಸಲ ಇಳಿಯುವುದು, ಅಮ್ಮನ ಕೋಣೆಯನ್ನು ಸಿದ್ಧ ಮಾಡಿಸಿದ್ದೇನೆ, ಕಿಟಕಿಯ ಕಡೆ ಮಂಚ ತಿರುಗಿಸಿದ್ದೇನೆ, ಇಲ್ಲಿ ದೊಡ್ಡ ಆಸ್ಪತ್ರೆ ಇದೆ, ನಾನಿದ್ದೇನೆ, ದಿನಾ ಪಕ್ಕದಲ್ಲೇ ಇರುತ್ತೇನೆ, ಅಕ್ಕ ನಡುವೆ ಬಾಯಿ ಹಾಕಲಿಲ್ಲ, ಅರ್ಧಕ್ಕೆ ಎದ್ದು ಓಡುತ್ತಿದ್ದವಳು ಇವತ್ತು ಕಡೆಯತನಕ ಕೇಳಿದಳು, ಯಂತ್ರದ ಸದ್ದೂ ನಿಂತಿತು, ಆಮೇಲೆ ಅಕ್ಕ, ದ್ವೀಪ ಚೆನ್ನಾಗಿದ್ಯಾ, ಎಂದಳು, ಸಣ್ಣ ಹುಡುಗಿಯ ಹಾಗೆ — ಚೆನ್ನಾಗಿದ್ಯಂತೆ ಅಕ್ಕಾ, ಎಲ್ಲಾ ಬಿಳೀ ಮರಳಂತೆ — ಇಬ್ಬರೂ ನೋಡೋಣ ಹಾಗಾದ್ರೆ, ನಿಂಗೆ ಕಿಟಕಿ ಕಡೆ ಬಿಟ್ಟುಕೊಡ್ತೀನಿ — ಹೇಳದೆ ಇದ್ದರಾಯಿತು, ನಾಳೆ ಬೆಳಿಗ್ಗೆ ವಿಮಾನದ ಬಾಗಿಲು ತೆರೆದಾಗ ತಿಳಿದರಾಯಿತು ಎಂದೂ ಅನ್ನಿಸಿತು, ಆದರೆ ಅಕ್ಕನಿಗೆ ಸುಳ್ಳು ಹೇಳುವಷ್ಟು ಇನ್ನೂ ಕೆಟ್ಟಿಲ್ಲ, ನಾನು ಬರ್ತಿಲ್ಲ ಅಕ್ಕಾ, ನಾನು ಕೂತ್ರೆ ತೂಕ ಹೆಚ್ಚಾಗುತ್ತೆ, ಇಂಧನ ಸಾಲಲ್ಲ, ನಾನು ಇಳಿದ್ರೇನೇ ನೀನು ತಲುಪೋದು. ಆಚೆ ಉಸಿರು ಮಾತ್ರ, ಏರಿ ಇಳಿದು, ಏರಿ ಇಳಿದು, ಆಮೇಲೆ ನಗು, ನಗು ಕೆಮ್ಮಿಗೆ ತಿರುಗಿತು, ಇನ್ನೂ ಅಷ್ಟು ದಪ್ಪಗಿದ್ದೀಯೇನೇ ಉಂಡೆ — ಇವಳೂ ನಗಬೇಕಿತ್ತು, ಬರಲಿಲ್ಲ, ಅಕ್ಕಾ, ದಮ್ಮಯ್ಯ, ಹತ್ತಿಬಿಡು, ಇಳಿಯೋ ಹೊತ್ತಿಗೆ ನಾನು ಇಲ್ಲಿ ಬಾಗಿಲಲ್ಲೇ ನಿಂತಿರ್ತೀನಿ — ನೀನು ಬಾಗಿಲಲ್ಲಿ ನಿಂತಿರ್ತೀಯ, ಗೊತ್ತು ಕಣೇ, ಎಂದಳು ಅಕ್ಕ, ದನಿಯಲ್ಲಿ ಕೋಪವಿಲ್ಲ, ಕೋಪವಿದ್ದಿದ್ದರೆ ಚೆನ್ನಾಗಿತ್ತು, ಇಷ್ಟು ವರ್ಷ ನೀನು ಬರೋ ದಾರಿ ನೋಡಿದೆ, ಈಗ ನೀನಿಲ್ಲದ ವಿಮಾನ ಹತ್ತಿ ಯಾರ ಕೈ ಹಿಡ್ಕೊಂಡು ಸಮುದ್ರ ದಾಟಲಿ, ಆ ನರ್ಸಿನ ಕೈಯಾ — ಲೆಕ್ಕ ಸರಿಹೋಗಿದೆ ಅಕ್ಕಾ, ಒಂದೇ ಒಂದು ಸಲ ನನ್ನ ಮಾತು ಕೇಳು, ಬಾ — ಕಿಟಕಿಯಾಚೆ ಗಾಳಿಚೀಲ ಬಾಲ ಚಾಚಿ ಆ ಕಡೆಗೇ ತೋರಿಸುತ್ತಿದೆ, ಆ ಕಡೆಗೇ, ಬೆನ್ನು ತಟ್ಟುವ ಗಾಳಿ — ಇಲ್ಲ ಕಣೇ, ಎಂದಳು ಅಕ್ಕ, ನಾನು ಬರಲ್ಲ — ಗ್ಲೋಬಿನ ಆ ಬದಿಯಲ್ಲಿ, ಮೊಣಕೈ ತಿರುಚಿಕೊಂಡು, ಕೆಂಪು ದಾರದ ತುದಿಯ ಮೇಲೆ ಒತ್ತಿಹಿಡಿದ ಹೆಬ್ಬೆರಳು, ಬರಲ್ಲ, ಹೆಬ್ಬೆರಳು, ಬೆಳ್ಳಗಾದ ಉಗುರು